‘ಎರಡೂ ಕಡೆಯವರು’ ಎಂದು ಬರೆದ ಕಾಗದ

2021ರ ಕೊನೆಯಲ್ಲಿ ಸುರಿದ ಮಳೆಗೆ ನಮ್ಮ ಕಡೆಯ ಎಷ್ಟೋ ಕೆರೆಗಳು ವರ್ಷಗಳ ಬಳಿಕ ಕೋಡಿ ಬಿದ್ದವು. ಚಿಂತಾಮಣಿ ತಾಲ್ಲೂಕಿನ ಒಂದು ಕೆರೆಯಲ್ಲಿ ಆ ಸಂಭ್ರಮವೇ ಜಗಳಕ್ಕೆ ತಿರುಗಿತು. ತುಂಬಿದ ಕೆರೆಗೆ ಮೊದಲ ಪೂಜೆ ಮಾಡುವ ಹಕ್ಕು ಯಾವ ಊರಿನದು, ಮೀನಿನ ಹರಾಜಿನ ಹಣ ಯಾವ ಊರಿನ ಗುಡಿಗೆ ಸೇರಬೇಕು ಎಂದು ಕಟ್ಟೆಯ ಆಚೀಚೆಯ ಎರಡು ಊರಿನವರು ಮಾತಿಗೆ ಮಾತು ಬೆಳೆಸಿದರು. ಮಾತು ಮುಗಿದು ದೊಣ್ಣೆ ಎದ್ದಿತು. ಒಬ್ಬ ಹುಡುಗನ ಮುಂಗೈ ಮುರಿಯಿತು.

ಮೂರು ತಿಂಗಳ ಬಳಿಕ ಅರಳಿಮರದ ಕಟ್ಟೆಯ ಮೇಲೆ ರಾಜಿ ಪಂಚಾಯ್ತಿ ಕೂತಾಗ ನಾನೂ ಅಲ್ಲಿದ್ದೆ. ಅಕ್ಷರ ಚೆನ್ನಾಗಿದ್ದ ಒಬ್ಬರು ಕಾಗದ ಬರೆದು ಓದಿದರು: ‘ಎರಡೂ ಕಡೆಯವರು ದುಡುಕಿನಿಂದ ನಡೆದುಕೊಂಡಿದ್ದು, ಇನ್ನು ಮುಂದೆ ಅನ್ಯೋನ್ಯವಾಗಿ ಇರುತ್ತೇವೆಂದು ಒಪ್ಪಿ ಸಹಿ ಮಾಡಿರುತ್ತೇವೆ.’ ಒಬ್ಬೊಬ್ಬರಾಗಿ ಸಹಿ ಹಾಕಿದರು. ಹುಡುಗನ ತಂದೆಯ ಸರದಿ ಬಂತು. ಅವರು ಆ ಕೆರೆಗೆ ಬಹಳ ಕಾಲ ನೀರುಗಂಟಿಯಾಗಿದ್ದವರು, ತೂಬಿನ ನೀರು ಬಿಡುವ ಕೆಲಸ ಅವರದು. ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತರು. ಆಮೇಲೆ, ನಮ್ಮ ಕಡೆ ಎಷ್ಟೋ ಮನೆಗಳ ಮಾತಾದ ತೆಲುಗಿನಲ್ಲಿ, ಮೆಲ್ಲಗೆ ಕೇಳಿದರು: ‘ಎರಡೂ ಕಡೆಯವರು ಅಂತ ಬರೆದಿದ್ದೀರಲ್ಲ ಸ್ವಾಮಿ, ನನ್ನ ಮಗನ ಕೈ ಮುರಿದದ್ದು ಯಾವ ಕಡೆಯವರು?’

ಯಾರೂ ಉತ್ತರ ಕೊಡಲಿಲ್ಲ. ಅವರು ಸಹಿ ಹಾಕಲಿಲ್ಲ. ‘ಮುದುಕನಿಗೆ ಹಟ’ ಎಂದು ಹಲವರು ಗೊಣಗಿದರು. ಆ ದಿನ ನನಗೂ ಹಾಗೆಯೇ ಅನ್ನಿಸಿತ್ತು. ಇಷ್ಟೆಲ್ಲ ಜನ ಒಪ್ಪಿರುವಾಗ ಒಬ್ಬರ ಮಾತಿಗಾಗಿ ನೆಮ್ಮದಿ ಕೆಡಬೇಕೆ ಎಂದುಕೊಂಡಿದ್ದೆ. ಬೇರೆ ಬೇರೆ ದೇಶಗಳು ಒಡೆದ ಮೇಲೆ ಹೇಗೆ ಕೂಡಿಕೊಂಡವು, ಅಥವಾ ಕೂಡಿಕೊಂಡಂತೆ ಕಂಡವು ಎಂಬುದನ್ನು ಓದುತ್ತಾ ಹೋದಂತೆ, ಆ ನೀರುಗಂಟಿಯ ಪ್ರಶ್ನೆಯೇ ಎಲ್ಲದರ ತಿರುಳು ಎಂಬುದು ನನಗೆ ಖಚಿತವಾಗಿದೆ.

ಆಳವಾಗಿ ಒಡೆದುಹೋದ ದೇಶವೊಂದು ರಕ್ತ ಹರಿಯದೆ ಮತ್ತೆ ಒಂದಾಗಬಲ್ಲದೆ ಎಂದು ಇವತ್ತು ಜಗತ್ತಿನ ಹಲವು ಕಡೆ ಕೇಳುತ್ತಿದ್ದಾರೆ. ಅಮೆರಿಕದಲ್ಲಿ 2021ರ ಜನವರಿ 6ರಂದು, ಚುನಾವಣೆಯ ಸೋಲನ್ನು ಒಪ್ಪದ ಟ್ರಂಪ್ ಬೆಂಬಲಿಗರು ಸಂಸತ್ ಭವನಕ್ಕೇ ನುಗ್ಗಿದರು. ನಮ್ಮ ಮಣಿಪುರದಲ್ಲಿ 2023ರ ಮೇ 3ರಂದು ಶುರುವಾದ ಹಿಂಸೆಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು, ಸುಮಾರು 60 ಸಾವಿರ ಜನ ಮನೆ ಬಿಟ್ಟರು, ಕಣಿವೆಯವರು ಬೆಟ್ಟಕ್ಕೆ, ಬೆಟ್ಟದವರು ಕಣಿವೆಗೆ ಹೋಗಲಾರದಂತೆ ನಡುವೆ ಕಾವಲು ಬಿತ್ತು. ಒಂದಾಗಬಲ್ಲದು ಎಂದೇ ನಾನು ನಂಬಿದ್ದೇನೆ. ಅದಕ್ಕೆ ಇತಿಹಾಸದಲ್ಲಿ ಸಾಕ್ಷಿ ಇದೆ. ಆದರೆ ‘ರಾಜಿ’ ಎಂಬ ಒಂದೇ ಪದದಲ್ಲಿ ನಾವು ಎರಡು ಬೇರೆ ಸಂಗತಿಗಳನ್ನು ಕಟ್ಟಿಹಾಕಿದ್ದೇವೆ. ಜಗಳ ನಿಲ್ಲುವುದು ಒಂದು. ಜಗಳದ ಲೆಕ್ಕ ತೀರುವುದು ಇನ್ನೊಂದು. ಮೊದಲನೆಯದನ್ನು ಎರಡನೆಯದೆಂದು ನಂಬಿಸಿದ ಕಡೆಯಲ್ಲೆಲ್ಲ, ಯಾರೋ ಒಬ್ಬರು ಆ ನಂಬಿಕೆಯ ಬೆಲೆ ತೆತ್ತಿದ್ದಾರೆ.

ಅಮೆರಿಕದ್ದೇ ಹಳೆಯ ಕಥೆಯನ್ನು ನೋಡಿ. 1861ರಿಂದ 1865ರವರೆಗೆ ಆ ದೇಶದ ಉತ್ತರದವರೂ ದಕ್ಷಿಣದವರೂ ಕಾದಾಡಿದರು. ಲಕ್ಷಗಟ್ಟಲೆ ಜನ ಸತ್ತರು. ಗುಲಾಮಗಿರಿ ಕೊನೆಗೊಂಡಿತು. 1876ರ ಅಧ್ಯಕ್ಷೀಯ ಚುನಾವಣೆಯಲ್ಲಿ ಗೆದ್ದವರು ಯಾರೆಂಬುದೇ ತಕರಾರಾದಾಗ, 1877ರಲ್ಲಿ ಒಂದು ಹೊಂದಾಣಿಕೆ ಆಯಿತು: ಉತ್ತರದವರ ಅಭ್ಯರ್ಥಿ ಅಧ್ಯಕ್ಷರಾದರು, ದಕ್ಷಿಣದ ರಾಜ್ಯಗಳಲ್ಲಿ ಕರಿಯರ ಹಕ್ಕುಗಳಿಗೆ ಬೆಂಗಾವಲಾಗಿದ್ದ ಸೈನ್ಯ ಹಿಂದೆ ಸರಿಯಿತು. ಆ ಹೊತ್ತಿಗೆ ರಕ್ತಪಾತ ತಪ್ಪಿತು ಎಂದು ದೇಶ ನಿಟ್ಟುಸಿರು ಬಿಟ್ಟಿತು.

1913ರ ಜುಲೈಯಲ್ಲಿ, ಆ ಯುದ್ಧದ ಗೆಟಿಸ್‌ಬರ್ಗ್ ಕದನದ ಐವತ್ತನೆಯ ವರ್ಷಕ್ಕೆ, ಎರಡೂ ಸೈನ್ಯಗಳ ಮುದುಕರು ಅದೇ ಬಯಲಿನಲ್ಲಿ ಸೇರಿದರು. ಐವತ್ತು ಸಾವಿರಕ್ಕೂ ಹೆಚ್ಚು ಜನ. ಒಂದು ಕಾಲದಲ್ಲಿ ಯಾವ ಕಲ್ಲಿನ ಗೋಡೆಯ ಆಚೀಚೆ ನಿಂತು ಗುಂಡು ಹಾರಿಸಿದ್ದರೋ ಅದೇ ಗೋಡೆಯ ಮೇಲಿಂದ ಬಿಳಿ ಗಡ್ಡದ ಅಜ್ಜಂದಿರು ಕೈ ಚಾಚಿ ಕೈ ಕುಲುಕಿದರು. ಆ ಫೋಟೋ ನೋಡಿದರೆ ಯಾರ ಕಣ್ಣಾದರೂ ತೇವವಾಗುತ್ತದೆ. ಆದರೆ ಆ ಯುದ್ಧದಲ್ಲಿ ಉತ್ತರದ ಪರ ಕಾದಾಡಿದ ಕರಿಯ ಸೈನಿಕರು ಸುಮಾರು 1.8 ಲಕ್ಷ. ಆ ಸಮಾರಂಭದ ಕಥೆಯಲ್ಲಿ ಅವರಿಗೆ ಜಾಗವಿರಲಿಲ್ಲ. ಅದೇ ವರ್ಷ ಅಮೆರಿಕದ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕರಿಯ ನೌಕರರನ್ನು ಬೇರೆ ಕೂರಿಸುವುದು ಶುರುವಾಯಿತು. ದಕ್ಷಿಣದಲ್ಲಿ ಅವರ ಮತದ ಹಕ್ಕನ್ನು ಆ ಮೊದಲೇ ಕಸಿದಾಗಿತ್ತು. ಆ ಹಕ್ಕು ಗಟ್ಟಿಯಾಗಿ ಮರಳಿದ್ದು 1965ರ ಮತದಾನ ಹಕ್ಕುಗಳ ಕಾಯ್ದೆಯಿಂದ. 1877ರಿಂದ ಎಣಿಸಿದರೆ 88 ವರ್ಷ.

‘ಎರಡೂ ಕಡೆಯವರು’ ಕೈ ಕುಲುಕಿದ್ದು ನಿಜ. ಜಗಳದ ಮೂಲದಲ್ಲಿದ್ದ ಮೂರನೆಯವರನ್ನು ಯಾರೂ ಕರೆದಿರಲಿಲ್ಲ. ಅಮೆರಿಕ ಮತ್ತೆ ಒಂದಾಗಬಲ್ಲದೆ ಎಂದು ಈಗ ಚರ್ಚಿಸುವವರು ಈ ಫೋಟೋವನ್ನು ಇಡಿಯಾಗಿ ನೋಡಬೇಕು. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್, ಜನವರಿ 6ರ ಪ್ರಕರಣದ ಸುಮಾರು 1,500 ಜನರಿಗೆ ಕ್ಷಮಾದಾನ ಕೊಟ್ಟರು. ಅದು ರಾಷ್ಟ್ರೀಯ ಸಮಾಧಾನದ ಪ್ರಕ್ರಿಯೆಯ ಆರಂಭ ಎಂದು ಆ ಆದೇಶದಲ್ಲೇ ಬರೆದಿತ್ತು. ಕ್ಷಮೆ ಪಡೆಯುವವರು ಏನನ್ನೂ ಒಪ್ಪಿಕೊಳ್ಳಬೇಕಾಗಿರಲಿಲ್ಲ, ಏನನ್ನೂ ಹೇಳಬೇಕಾಗಿರಲಿಲ್ಲ. ಅಂಥ ಕ್ಷಮೆಯಿಂದ ಗಾಯ ಮಾಯುತ್ತದೆ ಎಂದು ನನಗನ್ನಿಸುವುದಿಲ್ಲ.

ಕ್ಷಮೆಗೆ ಬೆಲೆ ಕಟ್ಟಿದ ಒಂದು ದೇಶವಿದೆ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಆಡಳಿತ ಕೊನೆಗೊಂಡು 1994ರಲ್ಲಿ ಎಲ್ಲರೂ ಮತ ಹಾಕಿದಾಗ, ಹೊಸ ಸರ್ಕಾರದ ಮುಂದೆ ಇಕ್ಕಟ್ಟಿತ್ತು. ಪೊಲೀಸರೂ ಸೈನ್ಯವೂ ಇನ್ನೂ ಹಳಬರ ಕೈಯಲ್ಲಿದ್ದವು. ಎಲ್ಲರನ್ನೂ ಜೈಲಿಗೆ ಹಾಕುತ್ತೇವೆ ಎಂದಿದ್ದರೆ ಅಧಿಕಾರದ ಹಸ್ತಾಂತರವೇ ಆಗುತ್ತಿರಲಿಲ್ಲ. ಎಲ್ಲರನ್ನೂ ಬಿಟ್ಟುಬಿಡುತ್ತೇವೆ ಎಂದರೆ ಸತ್ತವರ ತಾಯಂದಿರಿಗೆ ಮುಖ ತೋರಿಸುವುದು ಹೇಗೆ? 1995ರ ಕಾನೂನು ಒಂದು ಕೊಡುಕೊಳ್ಳುವ ದಾರಿ ತೆರೆಯಿತು. ರಾಜಕೀಯ ಉದ್ದೇಶದಿಂದ ಅಪರಾಧ ಮಾಡಿದವರು ಮುಂದೆ ಬಂದು, ಏನು ಮಾಡಿದೆವೆಂಬುದನ್ನು ಪೂರ್ತಿಯಾಗಿ ಹೇಳಿದರೆ ಕ್ಷಮಾದಾನ. ಮುಚ್ಚಿಟ್ಟರೆ ಇಲ್ಲ. ಪಶ್ಚಾತ್ತಾಪ ಪಡಬೇಕೆಂಬ ಷರತ್ತನ್ನು ಕಾನೂನು ಹಾಕಲಿಲ್ಲ. ಇದು ಮೊದಲ ಓದಿಗೆ ಕ್ರೂರವಾಗಿ ಕಾಣುತ್ತದೆ. ಯೋಚಿಸಿದಂತೆ ಅದರ ವಿವೇಕ ತಿಳಿಯುತ್ತದೆ. ಪಶ್ಚಾತ್ತಾಪವನ್ನು ನಟಿಸಬಹುದು, ಅಳೆಯಲಾಗದು. ಹೆಣವನ್ನು ಎಲ್ಲಿ ಹೂತೆವೆಂಬ ಮಾತನ್ನು ಅಗೆದು ನೋಡಬಹುದು.

ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯ ಸತ್ಯ ಮತ್ತು ಸಮಾಧಾನ ಆಯೋಗದ ಮೊದಲ ಅಹವಾಲು ಸಭೆ 1996ರ ಏಪ್ರಿಲ್‌ನಲ್ಲಿ ಈಸ್ಟ್ ಲಂಡನ್ ಎಂಬ ಊರಿನ ಸಭಾಂಗಣದಲ್ಲಿ ನಡೆಯಿತು. 21 ಸಾವಿರಕ್ಕೂ ಹೆಚ್ಚು ಸಂತ್ರಸ್ತರು ಹೇಳಿಕೆ ಕೊಟ್ಟರು. ತಮ್ಮ ತಮ್ಮ ಭಾಷೆಯಲ್ಲಿ ಮಾತಾಡಬಹುದಿತ್ತು, ಸಭಾಂಗಣದಲ್ಲೇ ಅನುವಾದವಾಗುತ್ತಿತ್ತು. ಈ ಏರ್ಪಾಡಿನ ಬೆಲೆ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಕೋರ್ಟಿನಲ್ಲಿ ಇಂಗ್ಲಿಷ್ ಎಂದು ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ನೋವಿನ ಮಾತು ತನ್ನ ಕಾವನ್ನು ಕಳೆದುಕೊಂಡಿರುತ್ತದೆ. ಅಲ್ಲಿ ರೇಡಿಯೊ, ಟಿ.ವಿ.ಗಳಲ್ಲಿ ಅದು ದೇಶದ ಮನೆಮನೆಗೂ ಹೋಯಿತು. ‘ನಮಗೆ ಗೊತ್ತೇ ಇರಲಿಲ್ಲ’ ಎಂದು ಹೇಳುವ ಸೌಲಭ್ಯ ಬಿಳಿಯರಿಗೆ ಆಮೇಲೆ ಉಳಿಯಲಿಲ್ಲ. ಆಯೋಗದ ಬಹುದೊಡ್ಡ ಕೊಡುಗೆ ಇದೇ ಎಂದು ನಾನು ಭಾವಿಸುತ್ತೇನೆ.

ಕ್ಷಮಾದಾನ ಕೋರಿದವರು 7,112 ಮಂದಿ. ಸಿಕ್ಕಿದ್ದು 849 ಮಂದಿಗೆ. ವರ್ಣಭೇದದ ವಿರುದ್ಧ ಹೋರಾಡಿ, ಪೊಲೀಸರ ವಶದಲ್ಲಿದ್ದಾಗ 1977ರಲ್ಲಿ ಸತ್ತ ಸ್ಟೀವ್ ಬಿಕೊ ಪ್ರಕರಣದ ಪೊಲೀಸರಿಗೆ ಅದು ಸಿಗಲಿಲ್ಲ. ಬಿಕೊ ಅವರ ಕುಟುಂಬವಂತೂ ಮೊದಲಿನಿಂದಲೂ ಈ ಏರ್ಪಾಡನ್ನೇ ವಿರೋಧಿಸಿತ್ತು, ತಮ್ಮ ನ್ಯಾಯ ಕೇಳುವ ಹಕ್ಕನ್ನು ದೇಶ ಹೇಗೆ ಬಿಟ್ಟುಕೊಡುತ್ತದೆ ಎಂದು ಸಂವಿಧಾನ ನ್ಯಾಯಾಲಯದ ತನಕ ಹೋಗಿ 1996ರಲ್ಲಿ ಸೋತಿತ್ತು. ಸಹಿ ಹಾಕದ ನೀರುಗಂಟಿ ಅಲ್ಲಿಯೂ ಇದ್ದರು.

ಆಯೋಗ ಕೆಲಸ ಮುಗಿಸಿದ ಮೇಲಿನ ಕಥೆಯನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಕ್ಷಮೆ ಸಿಗದವರ ಮೇಲೆ ಮೊಕದ್ದಮೆ ಹೂಡುವುದು ಕರಾರಿನ ಇನ್ನೊಂದು ಅರ್ಧವಾಗಿತ್ತು. ಮುನ್ನೂರರಷ್ಟು ಪ್ರಕರಣಗಳು ಪ್ರಾಸಿಕ್ಯೂಷನ್ ಕೈ ಸೇರಿದವು, ವಿಚಾರಣೆ ತನಕ ಬಂದದ್ದು ಬೆರಳೆಣಿಕೆಯಷ್ಟು. ಸಂತ್ರಸ್ತರಿಗೆ ಆರು ವರ್ಷ ವಾರ್ಷಿಕ ನೆರವು ಕೊಡಿ ಎಂದು ಆಯೋಗ ಹೇಳಿತ್ತು. 2003ರಲ್ಲಿ ಸರ್ಕಾರ ಒಂದೇ ಬಾರಿಗೆ ತಲಾ 30 ಸಾವಿರ ರ‍್ಯಾಂಡ್ ಕೊಟ್ಟು ಕೈ ತೊಳೆದುಕೊಂಡಿತು. ಭೂಮಿ ಹಳಬರ ಬಳಿಯೇ ಉಳಿಯಿತು. ವಿಶ್ವ ಬ್ಯಾಂಕಿನ ಲೆಕ್ಕದಲ್ಲಿ ಇಂದಿಗೂ ಜಗತ್ತಿನ ಅತಿ ಹೆಚ್ಚು ಅಸಮಾನತೆಯ ದೇಶ ಅದೇ. ಆ ಮೊಕದ್ದಮೆಗಳನ್ನು ಬೇಕೆಂದೇ ತಡೆಯಲಾಯಿತೆ ಎಂದು ತಿಳಿಯಲು 2025ರಲ್ಲಿ, ಕೊಲೆಯಾದವರ ಮಕ್ಕಳ ಒತ್ತಾಯಕ್ಕೆ ಮಣಿದು, ಅಧ್ಯಕ್ಷ ರಾಮಫೋಸ ತನಿಖಾ ಆಯೋಗ ನೇಮಿಸಬೇಕಾಯಿತು. ಸತ್ಯದ ಬಾಬ್ತು ಪಾವತಿಯಾಯಿತು, ನ್ಯಾಯದ ಬಾಬ್ತು ಬಾಕಿ ಉಳಿಯಿತು.

ರುವಾಂಡದ ದಾರಿ ಇದಕ್ಕಿಂತ ಒರಟು. 1994ರ ನೂರು ದಿನಗಳಲ್ಲಿ ಅಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು, ಕೊಂದವರಲ್ಲಿ ಬಹಳಷ್ಟು ಮಂದಿ ಅಕ್ಕಪಕ್ಕದ ಮನೆಯವರೇ. ಜೈಲುಗಳು ಒಂದು ಲಕ್ಷಕ್ಕೂ ಹೆಚ್ಚು ಜನರಿಂದ ತುಂಬಿದವು. ಕೋರ್ಟಿನಲ್ಲಿ ವಿಚಾರಣೆ ನಡೆಸುತ್ತಾ ಕೂತರೆ ನೂರು ವರ್ಷವಾದರೂ ಮುಗಿಯದು ಎಂದು ಕಂಡು, ‘ಗಚಾಚಾ’ ಎಂಬ ಹಳ್ಳಿಯ ಹಳೆಯ ಪಂಚಾಯ್ತಿಗೆ ಜೀವ ಕೊಟ್ಟರು. ಆ ಪದದ ಮೂಲ ಹುಲ್ಲು, ಹುಲ್ಲಿನ ಮೇಲೆ ಕೂತು ಮಾಡುವ ನ್ಯಾಯ. 12 ಸಾವಿರದಷ್ಟು ಪಂಚಾಯ್ತಿಗಳು 2012ರಲ್ಲಿ ಮುಗಿಯುವ ಹೊತ್ತಿಗೆ ಸುಮಾರು 19 ಲಕ್ಷ ಪ್ರಕರಣಗಳನ್ನು ತೀರ್ಮಾನಿಸಿದ್ದವು. ಆರೋಪಿಗೆ ವಕೀಲರಿರಲಿಲ್ಲ. ಕೊನೆಗೆ ಗೆದ್ದು ಅಧಿಕಾರ ಹಿಡಿದ ಸೈನ್ಯ ಮಾಡಿದ ಕೊಲೆಗಳ ವಿಚಾರಣೆ ಅಲ್ಲಿ ನಡೆಯಲಿಲ್ಲ. ಇವತ್ತು ರುವಾಂಡದ ಬೀದಿಗಳು ಶಾಂತವಾಗಿವೆ, ಅಲ್ಲಿನ ಸರ್ಕಾರವನ್ನು ಗಟ್ಟಿಯಾಗಿ ಟೀಕಿಸುವ ದನಿಗಳೂ ಶಾಂತವಾಗಿವೆ. ಅದನ್ನು ಪೂರ್ತಿ ಸಮಾಧಾನ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನನ್ನನ್ನು ಬಹಳ ದಿನ ಕಾಡಿದ್ದು ಕೊಲಂಬಿಯದ ಒಂದು ಮತ ಎಣಿಕೆ. ಅರ್ಧ ಶತಮಾನದ ಅಂತರ್ಯುದ್ಧ ನಿಲ್ಲಿಸುವ ಒಪ್ಪಂದವನ್ನು ಅಲ್ಲಿನ ಸರ್ಕಾರ 2016ರ ಅಕ್ಟೋಬರ್ 2ರಂದು ಜನರ ಮುಂದಿಟ್ಟಿತು. ಬೇಡ ಎಂದವರು ಶೇ 50.2. ಬಂಡುಕೋರರಿಗೆ ಶಿಕ್ಷೆ ಸಾಲದು ಎಂಬುದು ಅವರ ಸಿಟ್ಟು. ಆದರೆ ಬೊಹಾಯ ಎಂಬ ಹಳ್ಳಿಯಲ್ಲಿ 2002ರಲ್ಲಿ, ಚರ್ಚಿನಲ್ಲಿ ಆಶ್ರಯ ಪಡೆದಿದ್ದ ಹತ್ತಾರು ಜನ, ಅವರಲ್ಲಿ ಮಕ್ಕಳೇ ಹೆಚ್ಚು, ಅದೇ ಬಂಡುಕೋರರು ಎಸೆದ ಸಿಲಿಂಡರ್ ಬಾಂಬಿಗೆ ಸತ್ತಿದ್ದರು. ಆ ಬೊಹಾಯದಲ್ಲಿ ಶೇ 96ರಷ್ಟು ಮತ ಒಪ್ಪಂದದ ಪರ ಬಿತ್ತು.

ಹಗೆಯನ್ನು ಬಿಗಿಯಾಗಿ ಹಿಡಿದುಕೊಳ್ಳುವವರು ಗಾಯಗೊಂಡವರೇ ಎಂದು ನಾವು ತಿಳಿಯುತ್ತೇವೆ. ಬೊಹಾಯದ ಮತಪೆಟ್ಟಿಗೆ ಬೇರೆಯೇ ಹೇಳಿತು. ಬೆಂಕಿ ಕಂಡವರಿಗೆ ಬೆಂಕಿ ಆರಬೇಕು. ದೂರದ ನಗರದಲ್ಲಿ ಟಿ.ವಿ. ನೋಡುತ್ತಿದ್ದವರಿಗೆ ಅದು ಬಲು ಸಲೀಸಾದ ಸಿಟ್ಟು. ನಮ್ಮ ಮೊಬೈಲ್‌ಗಳಿಗೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಬರುವ ಸಂದೇಶಗಳನ್ನು ಯಾರು ಬರೆದು ಕಳಿಸುತ್ತಾರೆ, ಅವರಲ್ಲಿ ಎಷ್ಟು ಜನ ಪೆಟ್ಟು ತಿಂದವರು ಎಂದು ಒಮ್ಮೆ ಎಣಿಸಿ ನೋಡಿ.

ಹಾಗಾದರೆ ನೀರುಗಂಟಿ ಸಹಿ ಹಾಕದೆ ಕೂತದ್ದು ಯಾಕೆ? ಬೊಹಾಯದ ಹಳ್ಳಿಗರ ಉದಾಹರಣೆ ಅವರ ನಡೆಗೆ ವಿರುದ್ಧವಾಗಿಲ್ಲ. ಕೊಲಂಬಿಯದ ಬಂಡುಕೋರರ ನಾಯಕರು ಮತದಾನಕ್ಕೂ ಮೊದಲೇ ಆ ಹಳ್ಳಿಗೆ ಪ್ರತಿನಿಧಿಗಳನ್ನು ಕಳಿಸಿ, ತಪ್ಪಾಯಿತು ಎಂದು ಅಲ್ಲಿನವರ ಎದುರೇ ಒಪ್ಪಿಕೊಂಡಿದ್ದರು. ಪೆಟ್ಟು ತಿಂದವರು ಕೇಳುವುದು ಅನೇಕ ಸಲ ನಾವು ಎಣಿಸಿದ್ದಕ್ಕಿಂತ ಕಡಿಮೆ. ಆ ಕಡಿಮೆಯನ್ನೂ ಕೊಡದೆ ‘ದೊಡ್ಡ ಮನಸ್ಸು ಮಾಡಿ’ ಎನ್ನುವುದು ಕಟ್ಟೆಯ ಮೇಲೆ ಕೂತವರ ಅಭ್ಯಾಸ.

ಇನ್ನೊಂದು ಮಾತು ಸೋಲಿನದು. ಸೋತರೆ ಉಳಿಗಾಲವಿಲ್ಲ ಎಂದು ಅನ್ನಿಸಿದ ದಿನ ಯಾರೂ ಸೋಲಲು ಒಪ್ಪುವುದಿಲ್ಲ. ಉತ್ತರ ಐರ್ಲೆಂಡಿನಲ್ಲಿ ಬ್ರಿಟನ್ ಜೊತೆಗೇ ಇರಬೇಕೆನ್ನುವವರೂ ಐರ್ಲೆಂಡ್ ಸೇರಬೇಕೆನ್ನುವವರೂ ಮೂವತ್ತು ವರ್ಷ ಕಾದಾಡಿ ಸುಮಾರು 3,500 ಜನ ಸತ್ತ ಮೇಲೆ, 1998ರ ಏಪ್ರಿಲ್ 10ರ ಒಪ್ಪಂದ ಈ ಭಯವನ್ನೇ ಮೊದಲು ಕೈಗೆತ್ತಿಕೊಂಡಿತು. ಅಲ್ಲಿ ಹುಟ್ಟಿದವರು ಬ್ರಿಟಿಷರೆಂದಾದರೂ ಐರಿಷರೆಂದಾದರೂ, ಎರಡೂ ಎಂದಾದರೂ ಹೇಳಿಕೊಳ್ಳಬಹುದು. ಸರ್ಕಾರದಲ್ಲಿ ಎರಡೂ ಸಮುದಾಯ ಒಟ್ಟಿಗೆ ಕೂರಲೇಬೇಕು. ಜನಮತದಲ್ಲಿ ಶೇ 71 ಜನ ಒಪ್ಪಿದರು. ಆ ಒಪ್ಪಂದವನ್ನು ಬಾಯಿತುಂಬಾ ಬೈದಿದ್ದ ಬ್ರಿಟನ್ ಪರ ನಾಯಕ ಇಯಾನ್ ಪೈಸ್ಲಿ, ಒಂಬತ್ತು ವರ್ಷದ ಬಳಿಕ 2007ರ ಮೇ ತಿಂಗಳಲ್ಲಿ, ಒಂದು ಕಾಲಕ್ಕೆ ಐರ್ಲೆಂಡ್ ಪರ ಶಸ್ತ್ರ ಹಿಡಿದ ಐಆರ್‌ಎ ಪಡೆಯ ಕಮಾಂಡರ್ ಆಗಿದ್ದ ಮಾರ್ಟಿನ್ ಮೆಗಿನೆಸ್ ಜೊತೆ ಸರ್ಕಾರ ನಡೆಸಿದರು. ಅಲ್ಲಿನ ಸರ್ಕಾರ ಮತ್ತೆ ಮತ್ತೆ ಕುಸಿದಿದೆ, ಬೆಲ್‌ಫಾಸ್ಟ್‌ನಲ್ಲಿ ಎರಡು ಸಮುದಾಯಗಳ ಬೀದಿಗಳ ನಡುವಿನ ಎತ್ತರದ ಗೋಡೆಗಳು ಇವತ್ತಿಗೂ ನಿಂತಿವೆ. ಗೋಡೆ ಇದ್ದೂ ಗುಂಡು ಹಾರುತ್ತಿಲ್ಲ. ಅದನ್ನು ಸಣ್ಣದೆನ್ನಬಾರದು.

ಈ ವಿಷಯದಲ್ಲಿ ಪಾಠ ಕಲಿಯಲು ನಾವು ಐರ್ಲೆಂಡಿನ ತನಕ ಹೋಗಬೇಕಾಗಿಯೂ ಇಲ್ಲ. ಮಿಜೋರಾಂ ಇದೆ. 1966ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಸ್ವಾತಂತ್ರ್ಯ ಘೋಷಿಸಿ ಬಂಡೆದ್ದಿತು. ಆ ವರ್ಷ ಮಾರ್ಚ್‌ನಲ್ಲಿ ಭಾರತದ ವಾಯುಪಡೆಯೇ ಐಜ್ವಾಲ್ ಮೇಲೆ ಬಾಂಬು ಹಾಕಿತು. ಇಪ್ಪತ್ತು ವರ್ಷ ಕಾಡಿನ ಯುದ್ಧ ನಡೆದು, 1986ರ ಜೂನ್ 30ರಂದು ಒಪ್ಪಂದವಾಯಿತು. ಆಗ ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್ಸಿನ ಲಾಲ್ ಥನ್ಹಾವ್ಲ ಕುರ್ಚಿ ಬಿಟ್ಟು ಇಳಿದರು. ಬಂಡುಕೋರರ ನಾಯಕ ಲಾಲ್‌ಡೆಂಗಾ ಆ ಕುರ್ಚಿಯಲ್ಲಿ ಕೂತರು, ಇಳಿದವರು ಅವರ ಕೈಕೆಳಗೆ ಉಪಮುಖ್ಯಮಂತ್ರಿಯಾದರು. ಮೂರು ವರ್ಷವಾಗುವಷ್ಟರಲ್ಲಿ ಚುನಾವಣೆ ಬಂತು. ಲಾಲ್‌ಡೆಂಗಾ ಪಕ್ಷ ಸೋತಿತು. ಅವರು ಕಾಡಿಗೆ ಹಿಂತಿರುಗಲಿಲ್ಲ. ವಿರೋಧ ಪಕ್ಷದ ಸಾಲಿಗೆ ಹೋದರು.

ಒಂದು ರಾಜ್ಯದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದಿನ ಯಾವುದಿದ್ದೀತು? ಒಪ್ಪಂದಕ್ಕೆ ಸಹಿ ಬಿದ್ದ ದಿನವನ್ನು ಎಲ್ಲರೂ ನೆನೆಯುತ್ತಾರೆ. ನನ್ನ ಮಟ್ಟಿಗೆ ಸೋತವರು ಸುಮ್ಮನೆ ಎದುರು ಬೆಂಚಿನಲ್ಲಿ ಕೂತ ಆ ದಿನವೇ ಶಾಂತಿ ಬಂದದ್ದು. ಮಣಿಪುರದ ಬಗ್ಗೆ ಮಾತಾಡುವವರು ಪಕ್ಕದ ಈ ರಾಜ್ಯವನ್ನು ಯಾಕೆ ಹೆಚ್ಚು ನೆನೆಯುವುದಿಲ್ಲವೋ ನನಗೆ ತಿಳಿಯುತ್ತಿಲ್ಲ. ಹಾಗೆಂದು ಮಿಜೋರಾಂನಲ್ಲೂ ಲೆಕ್ಕವೆಲ್ಲ ತೀರಿಲ್ಲ. ಬಾಂಬು ಬಿದ್ದ ಮಾರ್ಚ್ 5ನ್ನು ಅಲ್ಲಿನ ಜನ ಇಂದಿಗೂ ಮರೆತಿಲ್ಲ.

ನಮ್ಮ ಜಿಲ್ಲೆಯ ಮಣ್ಣಿನಲ್ಲೂ ಇಂಥ ಒಂದು ಗುರುತಿದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲೇ ಸರ್ಕಾರಕ್ಕೂ ಕಾಂಗ್ರೆಸ್ಸಿಗೂ ಒಮ್ಮತವಿರಲಿಲ್ಲ. ಸಂಸ್ಥಾನವೆಲ್ಲ ಕುದಿಯುತ್ತಿದ್ದಾಗ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಮೈಸೂರಿನ ಬಾವುಟದ ಜೊತೆಗೇ ಕಾಂಗ್ರೆಸ್ ಬಾವುಟವೂ ಹಾರಲಿ ಎಂದು ಒಪ್ಪಿಗೆಯಾಯಿತು. ಎರಡು ಬಾವುಟ ಅಕ್ಕಪಕ್ಕ ಹಾರಿದವು, ಉದ್ವೇಗ ಇಳಿಯಿತು.

ಆದರೆ ಜನ ಕೇಳಿದ್ದು ಬಟ್ಟೆಯ ತುಂಡನ್ನಷ್ಟೇ ಏನು? ಕೇಳಿದ್ದು ಜವಾಬ್ದಾರಿ ಸರ್ಕಾರವನ್ನು, ಅಂದರೆ ಜನರಿಗೆ ಉತ್ತರ ಕೊಡುವ ಸರ್ಕಾರವನ್ನು. ಅದಕ್ಕಾಗಿ 1947ರಲ್ಲಿ, ದೇಶ ಸ್ವತಂತ್ರವಾದ ಮೇಲೆಯೂ, ಮೈಸೂರು ಚಲೋ ನಡೆಸಬೇಕಾಯಿತು. ಅಕ್ಟೋಬರ್‌ನಲ್ಲಿ ನಮ್ಮ ಕೋಲಾರದ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ಅರಮನೆಯನ್ನು ಯಾರೂ ಸುಡಲಿಲ್ಲ. ಅಧಿಕಾರ ಬಿಟ್ಟುಕೊಟ್ಟ ಜಯಚಾಮರಾಜ ಒಡೆಯರು ರಾಜಪ್ರಮುಖರಾಗಿ, ಆಮೇಲೆ ರಾಜ್ಯಪಾಲರಾಗಿ ಉಳಿದರು. ಬಿಟ್ಟುಕೊಟ್ಟವರಿಗೆ ನಿಲ್ಲಲು ನೆಲ ಸಿಕ್ಕಿತು, ಕೇಳಿದವರಿಗೆ ಕೇಳಿದ್ದು ಸಿಕ್ಕಿತು. 1938ರಲ್ಲಿ ಗುಂಡಿಗೆ ಬಲಿಯಾದವರ ಮನೆಯವರಿಗೆ ಈ ಎಲ್ಲದರಲ್ಲಿ ಏನು ಸಿಕ್ಕಿತು ಎಂದು ವಿದುರಾಶ್ವತ್ಥದ ಸ್ಮಾರಕದ ಮುಂದೆ ನಿಂತಾಗಲೆಲ್ಲ ಯೋಚಿಸುತ್ತೇನೆ.

ಅದೇ ಜಿಲ್ಲೆಯಲ್ಲಿ, ನನ್ನ ತಾಲ್ಲೂಕಿನಲ್ಲೇ, ಇನ್ನೊಂದು ಊರಿದೆ. ಕಂಬಾಲಪಲ್ಲಿ. 2000ದ ಮಾರ್ಚ್ 11ರ ರಾತ್ರಿ ಅಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಆಗ ಅದು ಕೋಲಾರ ಜಿಲ್ಲೆ. ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ಪ್ರತಿಕೂಲ ಸಾಕ್ಷ್ಯ ನುಡಿದರು. 2006ರಲ್ಲಿ ಆರೋಪಿಗಳೆಲ್ಲರ ಖುಲಾಸೆಯಾಯಿತು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸತ್ತವರು ಏಳು ಜನ ಎಂಬುದು ದಾಖಲೆಯಲ್ಲಿದೆ. ಸುಟ್ಟವರು ಯಾರೆಂಬುದು ಯಾವ ದಾಖಲೆಯಲ್ಲೂ ಇಲ್ಲ. ಅಂದಿನಿಂದ ಆ ಊರಿನಲ್ಲಿ ಅಂಥ ಗಲಭೆ ಮರುಕಳಿಸಿಲ್ಲವಲ್ಲ, ಶಾಂತಿ ಇದೆಯಲ್ಲ ಎಂದು ನನ್ನೆದುರೇ ಹೇಳಿದವರಿದ್ದಾರೆ. ಸಾಕ್ಷಿ ಹೇಳಲು ಬಾಯಿ ಬಾರದಷ್ಟು ಭಯವಿರುವ ಕಡೆಯೂ ಊರು ಸದ್ದಿಲ್ಲದೆ ಇರುತ್ತದೆ. ಆ ಸದ್ದಿಲ್ಲದಿರುವಿಕೆಗೆ ಶಾಂತಿ ಎಂಬ ಹೆಸರು ಕೊಡಲು ನನ್ನಿಂದಾಗದು.

ಒಟ್ಟಿಗೆ ದುಡಿದರೆ, ಒಟ್ಟಿಗೆ ವ್ಯಾಪಾರ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ವಾದವೂ ಇದೆ. ಇದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ ನೋಡಿ. ಹುಳು ಸಾಕಿ ಗೂಡು ತಂದವರಲ್ಲಿ ಹೆಚ್ಚಿನವರು ಹಿಂದೂ ರೈತರು, ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಹೆಚ್ಚಿನವರು ಮುಸ್ಲಿಮರು. ರೀಲರು ಒಂದು ಹಿಡಿ ಗೂಡು ಎತ್ತಿ ಕಿವಿಯ ಬಳಿ ಅಲುಗಾಡಿಸುತ್ತಾರೆ. ಗೂಡಿನೊಳಗಿನ ಸದ್ದು ಅವರಿಗೆ ಗುಣ ಹೇಳುತ್ತದೆ. ರೈತರು ಅವರ ಮುಖವನ್ನೇ ನೋಡುತ್ತಿರುತ್ತಾರೆ. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯದು. ಎಂಥ ಕೆಟ್ಟ ಸುದ್ದಿ ಹರಡಿದ ಬೆಳಿಗ್ಗೆಯೂ ಈ ಮಾರುಕಟ್ಟೆ ನಡೆದಿರುವುದನ್ನು ಕಂಡಿದ್ದೇನೆ, ಆಗೆಲ್ಲ ಎದೆ ತುಂಬಿದೆ. ಆದರೆ ಬೋಸ್ನಿಯದ ಸರಾಯೆವೊ ನಗರದ ಪೇಟೆಯಲ್ಲೂ ಮೂರು ಸಮುದಾಯದವರು ತಲೆಮಾರುಗಳಿಂದ ಒಟ್ಟಿಗೆ ವ್ಯಾಪಾರ ಮಾಡುತ್ತಿದ್ದರು. 1992ರಲ್ಲಿ ಯುದ್ಧ ಶುರುವಾದಾಗ ಅದು ಅವರನ್ನು ಕಾಪಾಡಲಿಲ್ಲ. 1995ರ ಒಪ್ಪಂದ ಯುದ್ಧ ನಿಲ್ಲಿಸಿತು, ಆದರೆ ಬೋಸ್ನಿಯದ ಕೆಲವು ಊರುಗಳಲ್ಲಿ ಒಂದೇ ಕಟ್ಟಡದೊಳಗೆ ಎರಡು ಸಮುದಾಯದ ಮಕ್ಕಳಿಗೆ ಬೇರೆ ಬೇರೆ ಶಾಲೆ ನಡೆಯುತ್ತಾ ಬಂದಿದೆ. ಒಂದು ಸೂರು, ಎರಡು ಬಾಗಿಲು, ಎರಡು ಇತಿಹಾಸದ ಪುಸ್ತಕ.

ವ್ಯಾಪಾರ ಕೊಂಡಿಯನ್ನು ಉಳಿಸುತ್ತದೆ. ಕೊಂಡಿ ಕಡಿದುಹೋದಾಗ ಯಾರು ಕಡಿದರು ಎಂದು ಹೇಳುವ ಕೆಲಸವನ್ನು ವ್ಯಾಪಾರ ಮಾಡುವುದಿಲ್ಲ, ಮಾಡಲಾರದು. ಅದಕ್ಕೆ ಬೇರೆ ಜಾಗ ಬೇಕು: ಒಂದು ಆಯೋಗ, ಒಂದು ನ್ಯಾಯಾಲಯ, ಒಂದು ಕಟ್ಟೆ. ಅಲ್ಲಿ ಕೂತವರಿಗೆ ಕೇಳುವ ತಾಳ್ಮೆ ಬೇಕು, ಬರೆಯುವ ಧೈರ್ಯ ಬೇಕು.

ನಮ್ಮ ಕೆರೆಯ ಪಂಚಾಯ್ತಿ ಇನ್ನೂ ಎರಡು ಸಲ ಕೂತಿತು. ಮೂರನೆಯ ಸಲ, ಎದುರೂರಿನ ಇಪ್ಪತ್ತು ಇಪ್ಪತ್ತೆರಡರ ಹುಡುಗನೊಬ್ಬ, ಅವನ ಚಿಕ್ಕಪ್ಪ ಅಂಗಿ ಹಿಡಿದು ಎಳೆಯುತ್ತಿದ್ದರೂ, ಎದ್ದು ನಿಂತ. ‘ದೊಣ್ಣೆ ಬೀಸಿದವನು ನಾನು. ಕೈಗೆ ಬೀಳುತ್ತದೆ ಅಂದುಕೊಂಡಿರಲಿಲ್ಲ’ ಎಂದ. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನೀರುಗಂಟಿ ಅವನ ಕಡೆ ನೋಡಲೂ ಇಲ್ಲ. ಕಾಗದ ಬರೆಯುತ್ತಿದ್ದವರ ಕಡೆ ತಿರುಗಿ, ‘ಅದನ್ನು ಬರೆಯಿರಿ’ ಎಂದರು.

ಬರೆದರೆ ನಾಳೆ ತೊಂದರೆಯಾದೀತು ಎಂದು ಒಬ್ಬರು ಹಿಂಜರಿದರು. ‘ಬರೆಯದಿದ್ದರೆ ಇವತ್ತೇ ತೊಂದರೆ’ ಎಂದು ಇನ್ನೊಬ್ಬರು ಹೇಳಿದರು. ‘ಎರಡೂ ಕಡೆಯವರು’ ಎಂಬ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹುಡುಗನ ಮಾತನ್ನು ಅವನು ಹೇಳಿದಂತೆಯೇ ಬರೆದರು. ಆಸ್ಪತ್ರೆಯ ಖರ್ಚನ್ನು ಮೀನಿನ ಹರಾಜಿನ ಹಣದಿಂದ ಎರಡು ಕಂತಿನಲ್ಲಿ ಕೊಡುವುದೆಂದು, ಮೊದಲ ಪೂಜೆ ಒಂದು ವರ್ಷ ಈ ಊರಿಗೆ ಒಂದು ವರ್ಷ ಆ ಊರಿಗೆ ಎಂದು ಸೇರಿಸಿದರು. ಮುದುಕರು ಓದಿಸಿ ಕೇಳಿದರು, ಇನ್ನೊಮ್ಮೆ ಓದಿಸಿದರು, ಆಮೇಲೆ ಸಹಿ ಹಾಕಿದರು. ಕ್ಷಮೆ ಎಂಬ ಪದ ಆ ದಿನ ಯಾರ ಬಾಯಲ್ಲೂ ಬರಲಿಲ್ಲ.

ಹೋದ ವರ್ಷ ಮೀನು ಹಿಡಿಯುವ ದಿನ ಆ ಕೆರೆಗೆ ಹೋಗಿದ್ದೆ. ತೂಬಿನ ಪಕ್ಕದಲ್ಲಿ ಆ ಇಬ್ಬರು ಹುಡುಗರೂ ಇದ್ದರು. ದೊಣ್ಣೆ ಬೀಸಿದವನು ಬುಟ್ಟಿ ಎತ್ತಿ ತಕ್ಕಡಿಗೆ ಇಡುತ್ತಿದ್ದ. ಇನ್ನೊಬ್ಬ ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದ, ಅವನ ಮುಂಗೈ ಈಗಲೂ ಪೂರ್ತಿ ತಿರುಗುವುದಿಲ್ಲ. ನಾನು ಅಲ್ಲಿದ್ದಷ್ಟು ಹೊತ್ತು ಇಬ್ಬರ ನಡುವೆ ತೂಕದ ಅಂಕಿ ಬಿಟ್ಟು ಬೇರೆ ಮಾತಿರಲಿಲ್ಲ. ‘ಹನ್ನೆರಡೂವರೆ’ ಎಂದು ಅವನು ಕೂಗುತ್ತಿದ್ದ, ಇವನು ಬರೆದುಕೊಳ್ಳುತ್ತಿದ್ದ.